ಭರವಸೆಗೊಂದು ದಾರಿ ಬೇಕು

2021ರ ಅಕ್ಟೋಬರ್ 3ರಂದು ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ. ವರ್ಷ ತುಂಬುವ ಮೊದಲೇ ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡು ಬರೆದದ್ದು, ಹಣ ಕೈಬದಲಾದದ್ದು ಒಂದೊಂದಾಗಿ ಬಯಲಾದವು. ನೇಮಕಾತಿ ವಿಭಾಗದ ಹೊಣೆ ಹೊತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಕ್ರಮ ಎಸಗಿದವರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅಕ್ರಮ ಮಾಡದೆ ಬರೆದವರು ಆ ಎರಡು ವರ್ಷ ಹೇಗೆ ಕಳೆದರು ಎಂಬುದು ಯಾರಿಗೂ ಸುದ್ದಿಯಾಗಲಿಲ್ಲ. ಪದವಿ ಮುಗಿಸಿ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ನಾಲ್ಕು ಜನ ಸೇರಿ ರೂಮು ಹಿಡಿದು ಓದುವ ಹುಡುಗನನ್ನು ನೆನೆದುಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದರೆ “ಏನಾಯ್ತಪ್ಪಾ ನಿನ್ನ ಪರೀಕ್ಷೆ?” ಎಂದು ಕೇಳುತ್ತಾರೆ. ಮೊದಲ ವರ್ಷ ಅವನು ಹಗರಣದ ಕತೆ ಬಿಡಿಸಿ ಹೇಳುತ್ತಾನೆ. ಎರಡನೇ ವರ್ಷ ಹಬ್ಬಕ್ಕೆ ಹೋಗುವುದನ್ನೇ ಬಿಡುತ್ತಾನೆ. ತಪ್ಪು ಮಾಡಿದವರು ಬೇರೆಯವರು, ತಲೆ ತಗ್ಗಿಸಿದವನು ಅವನು.

ವಿಶ್ವವಿದ್ಯಾಲಯದ ಮಕ್ಕಳ ಭರವಸೆಗೂ ಆತ್ಮಗೌರವಕ್ಕೂ ಇರುವ ನಂಟನ್ನು ಅರಿಯಬೇಕಾದರೆ ಮೊದಲು ನೋಡಬೇಕಾದದ್ದು ಇದನ್ನು: ಹೊರಗಿನ ದಾರಿ ಮುಚ್ಚಿದಾಗ ಎಳೆಯರು ಅದನ್ನು ತಮ್ಮ ಒಳಗಿನ ಕೊರತೆ ಎಂದು ಓದಿಕೊಳ್ಳುತ್ತಾರೆ. ನಾವು ರೂಢಿಯಲ್ಲಿ ನಂಬಿರುವ ಕ್ರಮ ಇದಕ್ಕೆ ವಿರುದ್ಧವಾದದ್ದು. ತನ್ನ ಬಗ್ಗೆ ತನಗೆ ಗೌರವವಿದ್ದರೆ ಭರವಸೆ ಹುಟ್ಟುತ್ತದೆ, ಭರವಸೆ ಹುಟ್ಟಿದರೆ ದಾರಿ ತಾನಾಗಿ ತೆರೆಯುತ್ತದೆ ಎಂದುಕೊಂಡಿದ್ದೇವೆ. ಆದ್ದರಿಂದಲೇ ಕಾಲೇಜು ಆರಂಭವಾದ ವಾರದಲ್ಲಿ ವ್ಯಕ್ತಿತ್ವ ವಿಕಸನದ ಭಾಷಣ ಏರ್ಪಡಿಸುತ್ತೇವೆ. ನಿಮ್ಮನ್ನು ನೀವು ನಂಬಿ, ಕೀಳರಿಮೆ ಬಿಡಿ, ದೊಡ್ಡ ಕನಸು ಕಾಣಿ ಎಂದು ಹೇಳಿಸುತ್ತೇವೆ. ಹೇಳುವವರ ಕಳಕಳಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಕ್ರಮ ತಲೆಕೆಳಗಾದದ್ದು, ಮತ್ತು ಅದರಿಂದ ಮಕ್ಕಳಿಗೆ ನಷ್ಟವಾಗುತ್ತಿದೆ ಎಂಬುದು ನನ್ನ ವಾದ.

ಆತ್ಮಗೌರವವನ್ನು ಅಳೆಯಲು ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನಾವಳಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ್ದು. ಹತ್ತೇ ಹತ್ತು ಹೇಳಿಕೆಗಳು. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಮಕ್ಕಳನ್ನು ಎದುರಿಗಿಟ್ಟುಕೊಂಡು ಅವರು ಅದನ್ನು ರೂಪಿಸಿದರು. ಅದರಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಒಂದಿದೆ. ರೋಸೆನ್‌ಬರ್ಗ್ ಅವರಿಗೆ ಆತ್ಮಗೌರವವೆಂದರೆ ‘ನಾನು ಎಲ್ಲರಿಗಿಂತ ಮೇಲು’ ಎಂಬ ಭಾವನೆಯಲ್ಲ, ‘ನಾನೂ ಸಾಕಷ್ಟು ಯೋಗ್ಯ’ ಎಂಬ ನೆಮ್ಮದಿ. ನಮ್ಮ ಭಾಷಣಗಳು ಈ ವ್ಯತ್ಯಾಸವನ್ನು ಮರೆತಿವೆ. ಅವು ಮಕ್ಕಳಿಗೆ ಶಿಖರಗಳನ್ನೇ ತೋರಿಸುತ್ತವೆ. ಸಾಮಾನ್ಯ ಹುಡುಗಿಯೊಬ್ಬಳಿಗೆ ಬೇಕಾದದ್ದು ಶಿಖರವಲ್ಲ, ಈ ಬೆಂಚಿನಲ್ಲಿ ಕೂರಲು ತನಗೂ ಅರ್ಹತೆಯಿದೆ ಎಂಬ ಭಾವನೆ.

ಭರವಸೆಯ ಒಂದು ಪ್ರಮುಖ ಅಧ್ಯಯನ ಶುರುವಾದದ್ದು ವಿಚಿತ್ರವಾದ ಜಾಗದಿಂದ. ಕನ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಚಾರ್ಲ್ಸ್ ರಿಚರ್ಡ್ ಸ್ನೈಡರ್ ಮೊದಲು ಅಧ್ಯಯನ ಮಾಡಿದ್ದು ನೆಪಗಳನ್ನು. ಸೋತವರು ಸೋಲಿನಿಂದ ತಮ್ಮನ್ನು ದೂರ ಇಟ್ಟುಕೊಳ್ಳಲು ಯಾವ ಯಾವ ಕಾರಣ ಹೇಳುತ್ತಾರೆ ಎಂಬುದರ ಮೇಲೆ 1983ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಂದಿಗೆ ಪುಸ್ತಕವನ್ನೇ ಬರೆದರು. ಸೋಲಿನಿಂದ ದೂರ ಸರಿಯುವುದು ಒಂದು ಮುಖವಾದರೆ, ಬಯಸಿದ್ದರ ಕಡೆಗೆ ನಡೆಯುವುದು ಇನ್ನೊಂದು ಮುಖ ಎಂದು ಆಮೇಲೆ ಹೊಳೆದು ಭರವಸೆಯ ಕಡೆಗೆ ತಿರುಗಿದರು. 1991ರಲ್ಲಿ ಅವರೂ ಸಂಗಡಿಗರೂ ಭರವಸೆಯ ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಹನ್ನೆರಡು ಹೇಳಿಕೆಗಳಿವೆ. ನಾಲ್ಕು ಛಲವನ್ನು ಅಳೆಯುತ್ತವೆ, ನಾಲ್ಕು ದಾರಿ ಕಾಣುವ ಶಕ್ತಿಯನ್ನು, ಉಳಿದ ನಾಲ್ಕು ಲೆಕ್ಕಕ್ಕಿಲ್ಲ. ಸ್ನೈಡರ್ ಪ್ರಕಾರ ಭರವಸೆ ಒಂದು ಮನಃಸ್ಥಿತಿಯಷ್ಟೇ ಅಲ್ಲ. ಒಂದು ಗುರಿ ಇರಬೇಕು, ಅದನ್ನು ತಲುಪುವ ಒಂದಾದರೂ ದಾರಿ ಕಾಣಬೇಕು, ಆ ದಾರಿಯಲ್ಲಿ ಹೆಜ್ಜೆ ಹಾಕುವ ಮನಸ್ಸು ಬೇಕು. ಒಂದು ದಾರಿ ಕಟ್ಟಿದರೆ ಇನ್ನೊಂದು ಹೊಳೆಯಬೇಕು. ಆತ್ಮಗೌರವದ ಬಗ್ಗೆ ಅವರ ಮಾತು ಇನ್ನೂ ಖಚಿತ: ಅದು ಹೀಗೆ ನಡೆದು ತಲುಪಿದ ಅನುಭವಗಳಿಂದ ಹುಟ್ಟುವ ಫಲ, ಅವುಗಳಿಗೆ ಮೊದಲೇ ಹಾಕಬೇಕಾದ ಬೀಜವಲ್ಲ.

ಬೀಜವೆಂದೇ ನಂಬಿ ಬಿತ್ತಿ ನೋಡಿದ ಒಂದು ದೊಡ್ಡ ಪ್ರಯೋಗ ಚರಿತ್ರೆಯಲ್ಲಿದೆ. 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಶಾಸಕ ಜಾನ್ ವಾಸ್ಕೊನ್ಸೆಲೋಸ್ ಅವರ ಒತ್ತಾಸೆಯಿಂದ, ಆತ್ಮಗೌರವಕ್ಕೆಂದೇ ಒಂದು ಕಾರ್ಯಪಡೆ ರಚಿಸಿತು. ಜನರ ಆತ್ಮಗೌರವ ಏರಿಸಿದರೆ ಅಪರಾಧ, ವ್ಯಸನ, ಓದಿನಲ್ಲಿ ಹಿಂದೆ ಬೀಳುವುದು ಎಲ್ಲವೂ ಇಳಿಯುತ್ತದೆ ಎಂಬ ಆಸೆ. 1990ರಲ್ಲಿ ವರದಿ ಬಂತು. ಶಾಲೆಗಳಲ್ಲಿ ಮಕ್ಕಳನ್ನು ಹೊಗಳುವ ಕಾರ್ಯಕ್ರಮಗಳು ಹಬ್ಬಿದವು. 2003ರಲ್ಲಿ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ನೋಡಿದಾಗ, ಆತ್ಮಗೌರವ ಹೆಚ್ಚಾದರೆ ಅಂಕ ಹೆಚ್ಚಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಚೆನ್ನಾಗಿ ಓದಿದವರಿಗೆ ಆತ್ಮಗೌರವ ಬಂದಿರುವುದು ಕಂಡಿತು, ಅದರ ತಿರುಗುಮುರುಗು ಅಷ್ಟಾಗಿ ಕಾಣಲಿಲ್ಲ.

ನಾಲ್ಕು ವರ್ಷದ ಬಳಿಕ, 2007ರಲ್ಲಿ, ಡೊನೆಲ್ಸನ್ ಫೋರ್ಸಿತ್ ಮತ್ತು ಸಹ ಸಂಶೋಧಕರು ಪ್ರಕಟಿಸಿದ ಪ್ರಯೋಗವಂತೂ ನಮ್ಮ ಕಾಲೇಜುಗಳ ಪ್ರಾಂಶುಪಾಲರೆಲ್ಲರೂ ಓದಬೇಕಾದದ್ದು. ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಕಾಲೇಜು ವಿದ್ಯಾರ್ಥಿಗಳಿಗೆ ವಾರವಾರವೂ ಇಮೇಲ್‌ನಲ್ಲಿ ಅಭ್ಯಾಸದ ಪ್ರಶ್ನೆಗಳನ್ನು ಕಳಿಸಿದರು. ಒಂದು ಗುಂಪಿಗೆ ಪ್ರಶ್ನೆಗಳಷ್ಟೇ. ಇನ್ನೊಂದು ಗುಂಪಿಗೆ ಪ್ರಶ್ನೆಗಳ ಜೊತೆಗೆ ಆತ್ಮಗೌರವ ಹೆಚ್ಚಿಸುವ ಮಾತುಗಳು. ಮೂರನೆಯ ಗುಂಪಿಗೆ ಓದಿನ ಹೊಣೆ ನಿಮ್ಮದೇ ಎಂಬ ಮಾತುಗಳು. ಕೊನೆಯ ಪರೀಕ್ಷೆಯಲ್ಲಿ, ತೀರ ಕೆಳಗಿನ ದರ್ಜೆ ಪಡೆದಿದ್ದವರಲ್ಲಿ ಆತ್ಮಗೌರವದ ಮಾತು ಕೇಳಿಸಿಕೊಂಡವರ ಅಂಕ ಮತ್ತಷ್ಟು ಇಳಿದಿತ್ತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನೀನು ಹೇಗಿದ್ದರೂ ಶ್ರೇಷ್ಠ ಎಂದು ಕೇಳಿದವನಿಗೆ ಇವತ್ತು ರಾತ್ರಿ ಯಾವ ಪಾಠ ತೆರೆಯಬೇಕು ಎಂಬುದು ತಿಳಿಯುವುದಿಲ್ಲ.

ಭರವಸೆಯ ಕಡೆಯ ಸಾಕ್ಷ್ಯ ಬೇರೆ ತೆರನದು. ಸ್ನೈಡರ್ ಮತ್ತು ಸಂಗಡಿಗರು ಕಾಲೇಜಿಗೆ ಹೊಸದಾಗಿ ಸೇರಿದವರ ಭರವಸೆಯನ್ನು ಅಳೆದು, ಆರು ವರ್ಷ ಅವರ ಓದನ್ನು ಹಿಂಬಾಲಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರವೇಶ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಆರಂಭದಲ್ಲಿ ಭರವಸೆ ಹೆಚ್ಚಿದ್ದವರು ಹೆಚ್ಚು ಅಂಕ ಪಡೆದಿದ್ದರು, ಪದವಿ ಮುಗಿಸಿದವರ ಪಾಲೂ ಅವರಲ್ಲೇ ಹೆಚ್ಚಿತ್ತು. ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಏಳುತ್ತದೆ. ಭರವಸೆ, ಆತ್ಮಗೌರವ ಎರಡೂ ಬೇರೊಂದು ಬೇರಿನಿಂದ ಬಂದಿರಬಾರದೇಕೆ? ಮನೆಯಲ್ಲಿ ಅನುಕೂಲವಿದ್ದವರಿಗೆ ಎರಡೂ ಇರುತ್ತವೆ, ಇಲ್ಲದವರಿಗೆ ಎರಡೂ ಇರುವುದಿಲ್ಲ. ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಅಷ್ಟೇ ಅಲ್ಲ, ಅದು ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ ಎನ್ನುತ್ತೇನೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರ ಪ್ರಬಂಧವೊಂದರಲ್ಲಿ ಆಶಿಸುವ ಸಾಮರ್ಥ್ಯವೇ ಸಮಾಜದಲ್ಲಿ ಅಸಮಾನವಾಗಿ ಹಂಚಿಹೋಗಿದೆ ಎಂದು ವಾದಿಸಿದರು. ಉಳ್ಳವರು ಹೆಚ್ಚು ಕನಸು ಕಾಣುತ್ತಾರೆ ಎಂದಲ್ಲ, ಕನಸಿನಿಂದ ಕೆಲಸಕ್ಕೆ ಹೋಗುವ ಒಳದಾರಿಗಳನ್ನು ಅವರು ಹೆಚ್ಚು ಸಲ ನಡೆದು ನೋಡಿರುತ್ತಾರೆ. ವಕೀಲರ ಮಗಳಿಗೆ ಕಾನೂನು ಪ್ರವೇಶ ಪರೀಕ್ಷೆ ಯಾವ ತಿಂಗಳು ಎಂಬುದು ಊಟದ ಹೊತ್ತಿನ ಮಾತಿನಲ್ಲೇ ಗೊತ್ತಾಗುತ್ತದೆ. ಕೂಲಿಯವರ ಮಗಳಿಗೆ ಅಂಥ ಪರೀಕ್ಷೆಯೊಂದಿದೆ ಎಂದು ತಿಳಿಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ. ಇಬ್ಬರಲ್ಲೂ ಛಲ ಸಮನಾಗಿರಬಹುದು. ದಾರಿಯ ತಿಳಿವಳಿಕೆ ಸಮನಾಗಿಲ್ಲ.

ಭರವಸೆ, ಆತ್ಮಗೌರವ ಯಾವಾಗಲೂ ಕೈಹಿಡಿದು ನಡೆಯುವುದಿಲ್ಲ ಎಂಬುದೇ ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಅವು ಪರಸ್ಪರ ಎದುರಾಳಿಗಳಾಗುವ ಸ್ಥಿತಿಯೂ ಇದೆ. ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಒಂದು ಸರಳ ಲೆಕ್ಕ ಕೊಟ್ಟಿದ್ದರು: ಸಾಧಿಸಿದ್ದನ್ನು ಬಯಸಿದ್ದರಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ಹಾಗಾದರೆ ಅದನ್ನು ಏರಿಸಲು ಎರಡು ದಾರಿಗಳಿವೆ. ಸಾಧನೆ ಹೆಚ್ಚಿಸಬೇಕು, ಇಲ್ಲವೇ ಬಯಕೆ ಇಳಿಸಬೇಕು. ನಮ್ಮ ತರಗತಿಗಳಲ್ಲಿ ಎರಡನೆಯದು ದಿನವೂ ನಡೆಯುತ್ತಿದೆ. “ಅದೆಲ್ಲ ನಮ್ಮಂಥೋರಿಗಲ್ಲ ಬಿಡಿ ಸರ್” ಎನ್ನುವ ಹುಡುಗ ತನ್ನ ಮಾನ ಉಳಿಸಿಕೊಳ್ಳುತ್ತಿದ್ದಾನೆ. ಅದಕ್ಕೆ ತೆತ್ತ ಬೆಲೆ ಭರವಸೆ. “ನಾನು ಓದೇ ಇರಲಿಲ್ಲ, ಅದಕ್ಕೇ ಸಬ್ಜೆಕ್ಟ್ ಹೋಯ್ತು” ಎಂದು ಗೆಳೆಯರ ಮುಂದೆ ನಗುವವನೂ ಅದನ್ನೇ ಮಾಡುತ್ತಿದ್ದಾನೆ. ಓದಿಯೂ ಹೋಯಿತು ಎಂದರೆ ದಡ್ಡನೆನಿಸಿಕೊಳ್ಳಬೇಕು, ಓದದೆ ಹೋಯಿತು ಎಂದರೆ ಸೋಮಾರಿ ಮಾತ್ರ. ಹಾಜರಾತಿ ಕಡಿಮೆಯಾದವರು, ಇಂಟರ್ನಲ್ಸ್ ದಿನ ಮಾಯವಾಗುವವರು, ಹಾಲ್ ಟಿಕೆಟ್ ತೆಗೆದುಕೊಂಡೂ ಪರೀಕ್ಷೆಗೆ ಬಾರದವರು ಎಲ್ಲರೂ ಶಿಸ್ತಿಲ್ಲದವರೆಂದು ನಾವು ತೀರ್ಮಾನಿಸುತ್ತೇವೆ. ಅವರಲ್ಲಿ ಬಹುಪಾಲು ಮಂದಿ ತಮ್ಮಲ್ಲಿ ಉಳಿದಿರುವ ಅಷ್ಟಿಷ್ಟು ಗೌರವವನ್ನು ಕಾಪಾಡಿಕೊಳ್ಳುತ್ತಿದ್ದಾರೆ ಎಂದು ನಾನು ನಂಬುತ್ತೇನೆ. ಅಂಥವರಿಗೆ ಆತ್ಮಗೌರವದ ಉಪದೇಶ ಮಾಡಿ ಫಲವಿಲ್ಲ. ಆತ್ಮಗೌರವ ಉಳಿಸಿಕೊಳ್ಳಲೆಂದೇ ಅವರು ಪ್ರಯತ್ನವನ್ನು ಕೈಬಿಟ್ಟಿರುವುದು.

ಈ ವಿನಿಮಯ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಲ್ಲಿ. ರಾಜ್ಯದ ಯಾವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋದರೂ ಆ ಹುಡುಗಿ ಸಿಗುತ್ತಾಳೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಶಾಲೆಗೇ ಮೊದಲಿಗಳಾದವಳು. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಿದವಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ದಿನ ಅವಳಿಗೆ ಗೊತ್ತಿದ್ದ ವಿಜ್ಞಾನವೆಲ್ಲ ಒಮ್ಮೆಲೇ ಗೊತ್ತಿಲ್ಲದ್ದಾಗುತ್ತದೆ. ವಿಷಯ ಅದೇ, ಹೆಸರುಗಳೆಲ್ಲ ಬೇರೆ. ಬಿಎಸ್ಸಿ ಮುಗಿಯುವವರೆಗೂ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಅವಳು ಏಳುವುದಿಲ್ಲ, ವಾಕ್ಯ ಎಲ್ಲಿ ಮುರಿದೀತೋ ಎಂಬ ಹೆದರಿಕೆ. ಜೆರಾಕ್ಸ್ ಅಂಗಡಿಯ ನೋಟ್ಸ್ ಬಾಯಿಪಾಠ ಮಾಡಿ ಪಾಸಾಗುತ್ತಾಳೆ, ಹಾಗೆ ಪಾಸಾದದ್ದರಿಂದ ಅವಳಿಗೆ ತನ್ನ ಬಗ್ಗೆ ಗೌರವ ಹುಟ್ಟುವುದಿಲ್ಲ. ಇಲ್ಲಿ ಕೊರತೆಯಿರುವುದು ಬುದ್ಧಿಯಲ್ಲೂ ಅಲ್ಲ, ಛಲದಲ್ಲೂ ಅಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಒಂದು ಸೆಮಿಸ್ಟರಿನ ವ್ಯವಸ್ಥಿತ ಸೇತುವೆ ಪಾಠ, ಎರಡೂ ಭಾಷೆಯಲ್ಲಿ ಪಾರಿಭಾಷಿಕ ಪದಗಳಿರುವ ಕೈಪಿಡಿ, ಉತ್ತರವನ್ನು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಬರೆಯಲು ಬಿಡುವ ಮೇಷ್ಟ್ರು, ಇಷ್ಟಿದ್ದರೆ ಅವಳ ದಾರಿ ತೆರೆಯುತ್ತಿತ್ತು. ಅದನ್ನು ಕೊಡದೆ ನಾವು ಅವಳಿಗೆ ಕೀಳರಿಮೆ ಬಿಡು ಎನ್ನುತ್ತೇವೆ. ಅವಳ ಕೀಳರಿಮೆ ಅವಳ ಸ್ವಭಾವದಿಂದ ಬಂದದ್ದಲ್ಲ, ತರಗತಿಯ ಏರ್ಪಾಡಿನಿಂದ ಬಂದದ್ದು.

ಪದವಿ ಮುಗಿದ ಮೇಲೂ ಭಾಷೆಯ ಈ ತೊಡಕು ಬೆನ್ನು ಬಿಡುವುದಿಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಸರ್ಕಾರವೇ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಪ್ರಶ್ನೆಗಳಲ್ಲೂ ತಪ್ಪುಗಳಿವೆ ಎಂದು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಕನ್ನಡದಲ್ಲೇ ಓದಿ, ಕನ್ನಡ ನಾಡಿನ ಆಡಳಿತ ಸೇವೆಗೆ ಕನ್ನಡದಲ್ಲೇ ಪರೀಕ್ಷೆ ಬರೆಯಲು ಕೂತವನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಆ ಎರಡು ಗಂಟೆ ಅವನು ತನ್ನ ಬಗ್ಗೆ ಏನು ಯೋಚಿಸುತ್ತಾನೆ? ಪ್ರಶ್ನೆಪತ್ರಿಕೆ ತಪ್ಪಿದೆ ಎಂದು ತಿಳಿಯುವುದು ಹೊರಗೆ ಬಂದ ಮೇಲೆ. ಒಳಗೆ ಕೂತಾಗ ಅನಿಸುವುದು ತನಗೇ ಗೊತ್ತಾಗುತ್ತಿಲ್ಲ ಎಂದು.

ನಮ್ಮ ನಾಡಿಗೆ ದಾರಿ ಕಟ್ಟುವುದು ಹೊಸದೇನಲ್ಲ. ನೂರು ವರ್ಷದ ಹಿಂದಿನ ಮೈಸೂರು, ಬೆಂಗಳೂರುಗಳಲ್ಲಿ ಬಡ ಹುಡುಗರು ವಾರಾನ್ನದಲ್ಲಿ ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಬೇರೆಯವರ ಅಡುಗೆಮನೆಯ ಮುಂದೆ ತಟ್ಟೆ ಹಿಡಿದು ಕೂರುವುದು ಮಾನಕ್ಕೆ ಹಿತವಾದ ಸಂಗತಿಯಲ್ಲ. ಆದರೂ ಆ ಹುಡುಗರಲ್ಲಿ ಭರವಸೆ ಕುಂದಲಿಲ್ಲ, ಯಾಕೆಂದರೆ ಏಳು ಮನೆಗಳು ಸೇರಿ ಒಂದು ದಾರಿಯಾಗಿದ್ದವು, ಅದು ಎಲ್ಲಿಗೆ ತಲುಪಿಸುತ್ತದೆ ಎಂಬುದೂ ಕಣ್ಣಿಗೆ ಕಾಣುತ್ತಿತ್ತು. ಆದರೆ ಆ ದಾರಿ ಬಹುಮಟ್ಟಿಗೆ ಒಂದೇ ಜಾತಿಯ ಹುಡುಗರಿಗೆ ತೆರೆದಿತ್ತು ಎಂಬುದನ್ನು ಹೇಳದೆ ಅದನ್ನು ಕೊಂಡಾಡಬಾರದು. ಉಳಿದವರಿಗೆ ಬೇರೆ ದಾರಿಗಳನ್ನು ಕಟ್ಟಬೇಕಾಯಿತು. 1918ರಲ್ಲಿ ಮೈಸೂರು ಸಂಸ್ಥಾನ ಹಿಂದುಳಿದವರ ಪ್ರಾತಿನಿಧ್ಯಕ್ಕೆಂದು ನೇಮಿಸಿದ ಮಿಲ್ಲರ್ ಸಮಿತಿ, ಸಮುದಾಯಗಳು ಕಟ್ಟಿದ ವಿದ್ಯಾರ್ಥಿನಿಲಯಗಳು, ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯಗಳು, ಆಮೇಲೆ ಸರ್ಕಾರಿ ಹಾಸ್ಟೆಲುಗಳು ಎಲ್ಲವೂ ಈ ಚರಿತ್ರೆಯ ಭಾಗ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ ಓದಿದವರಿಗೆ ಸರ್ಕಾರಿ ಹಾಸ್ಟೆಲೊಂದು ದಲಿತ ಹುಡುಗನ ಪಾಲಿಗೆ ಏನಾಗಿತ್ತು ಎಂಬುದು ಗೊತ್ತು. ಹಸಿವೂ ಅಲ್ಲಿತ್ತು, ಪುಸ್ತಕವೂ ಅಲ್ಲಿತ್ತು, ತನ್ನಂಥವೇ ಅನುಭವ ಹೊತ್ತು ಬಂದ ಗೆಳೆಯರೂ ಇದ್ದರು. ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ದಲಿತ ಸಚಿವರೊಬ್ಬರ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ನಂತರ ಬೆಳೆದ ದಲಿತ ವಿದ್ಯಾರ್ಥಿಗಳ ಸಂಘಟನೆ ಇಂಥ ಹಾಸ್ಟೆಲುಗಳ ಬಲದಿಂದಲೂ ಎದ್ದು ನಿಂತಿತು. ಅಲ್ಲಿ ಆತ್ಮಗೌರವ ಒಬ್ಬೊಬ್ಬರ ಮನಸ್ಸಿನೊಳಗೆ ಕುದುರಿದ್ದಲ್ಲ, ಒಟ್ಟಾಗಿ ನಡೆದಾಗ ಬಂದದ್ದು. ಮನೋವಿಜ್ಞಾನದ ಪ್ರಶ್ನಾವಳಿಗಳು ಬಹುಮಟ್ಟಿಗೆ ‘ನಾನು’ ಎಂದೇ ಶುರುವಾಗುವುದರಿಂದ ಈ ಬಗೆಯ ಗೌರವ ಅವುಗಳ ಅಳತೆಗೆ ಸುಲಭವಾಗಿ ಸಿಗುವುದಿಲ್ಲ.

ಜಾತಿಯ ಮಾತು ಬಂದಾಗ ಒಂದು ಪ್ರಯೋಗವನ್ನು ನೆನೆಯಲೇಬೇಕು. ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಮೇಲ್ಜಾತಿಯ 321, ಕೆಳಜಾತಿಯ 321 ಶಾಲಾ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಪ್ರಸ್ತಾಪವಿಲ್ಲದಾಗ ಎರಡೂ ಗುಂಪಿನವರ ಸಾಮರ್ಥ್ಯ ಒಂದೇ ಮಟ್ಟದಲ್ಲಿತ್ತು. ಎಲ್ಲರೆದುರು ಜಾತಿಯನ್ನು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಅವರು ಶಾಲೆಯ ಮಕ್ಕಳು, ನಿಜ. ವಿಶ್ವವಿದ್ಯಾಲಯಕ್ಕೆ ಬಂದ ಕೂಡಲೇ ಈ ಗಾಯ ಮಾಯುತ್ತದೆ ಎನ್ನಲು ನಮಗೆ ಯಾವ ಕಾರಣವೂ ಇಲ್ಲ. ವಿದ್ಯಾರ್ಥಿವೇತನದ ಪಟ್ಟಿಯನ್ನು ವರ್ಗದ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸುವ, ತರಗತಿಯ ನಡುವೆ ಬಂದು “ಎಸ್‌ಸಿ ಎಸ್‌ಟಿ ಹುಡುಗರು ಆಫೀಸಿಗೆ ಬರಬೇಕಂತೆ” ಎಂದು ಕೂಗಿ ಹೇಳುವ ರೂಢಿಯನ್ನು ನಾವಿನ್ನೂ ಬಿಟ್ಟಿಲ್ಲ. ಅದೇ ಮಾಹಿತಿಯನ್ನು ಫೋನಿಗೆ ಒಬ್ಬೊಬ್ಬರಿಗೇ ಸಂದೇಶವಾಗಿ ಕಳಿಸಲು ಹಣವೇನೂ ಬೇಕಿಲ್ಲ.

ಇನ್ನು ಒಂದೇ ಗುರಿಯ ಅಪಾಯ. ಮಿಚಿಗನ್ ವಿಶ್ವವಿದ್ಯಾಲಯದಲ್ಲಿದ್ದ ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ್ದ ಅಂತಿಮ ವರ್ಷದವರ ಆತ್ಮಗೌರವವನ್ನು ನಿಯಮಿತವಾಗಿ ದಾಖಲಿಸಿದರು. ತಮ್ಮ ಬೆಲೆಯನ್ನೆಲ್ಲ ಓದಿನ ಮೇಲೇ ಕಟ್ಟಿದ್ದವರು ಪ್ರವೇಶ ಸಿಕ್ಕ ದಿನ ಉಳಿದವರಿಗಿಂತ ಹೆಚ್ಚು ಏರಿದರು, ತಿರಸ್ಕಾರದ ಪತ್ರ ಬಂದ ದಿನ ಹೆಚ್ಚು ಕುಸಿದರು. ನಮ್ಮಲ್ಲಿ ಮನೆ, ಊರು, ಕೋಚಿಂಗ್ ಸೆಂಟರು ಸೇರಿ ಮಕ್ಕಳ ಬೆಲೆಯನ್ನು ಒಂದು ರ‍್ಯಾಂಕಿಗೆ, ಒಂದು ನೇಮಕಾತಿಗೆ ಕಟ್ಟಿಹಾಕುತ್ತೇವೆ. ಸ್ನೈಡರ್ ಹೇಳಿದ ಭರವಸೆಗೆ ಇದು ನೇರ ವಿರೋಧ, ಯಾಕೆಂದರೆ ಅಲ್ಲಿ ಭರವಸೆಯ ಗುರುತೇ ಇನ್ನೊಂದು ದಾರಿ ಹೊಳೆಯುವುದು. ದೊಡ್ಡ ಕನಸು ಕಾಣಿ ಎನ್ನುವವರು ಕನಸು ಮುರಿದಾಗ ಹಿಡಿಯಬೇಕಾದ ಎರಡನೇ ದಾರಿಯನ್ನು ಹೇಳಿಕೊಡದಿದ್ದರೆ ಅವರು ಭರವಸೆ ಕೊಟ್ಟಂತಾಗುವುದಿಲ್ಲ. 2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಹೇಳುತ್ತದೆ. ಪ್ರತಿಯೊಂದು ಸಾವಿನ ಹಿಂದಿನ ಕಾರಣ ಬೇರೆ, ಯಾವುದನ್ನೂ ಒಂದೇ ಸೂತ್ರಕ್ಕೆ ಇಳಿಸುವ ಹಕ್ಕು ನನಗಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ಇಂಥ ಸಾವುಗಳನ್ನು ತಡೆಯಲು ರಾಷ್ಟ್ರೀಯ ಕಾರ್ಯಪಡೆ ರಚಿಸಿದ್ದು, ಇದು ವಿದ್ಯಾರ್ಥಿಗಳ ಮನೋಬಲದ ಪ್ರಶ್ನೆ ಮಾತ್ರವಲ್ಲ, ಶಿಕ್ಷಣ ಸಂಸ್ಥೆಗಳ ಹೊಣೆಯ ಪ್ರಶ್ನೆಯೂ ಹೌದು ಎಂಬ ಕಾರಣಕ್ಕೆ. ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬಾಗಿರುವ ಟೆಲಿ-ಮಾನಸ್ ಸಹಾಯವಾಣಿ, 14416, ಹಗಲಿರುಳೂ ಕೆಲಸ ಮಾಡುತ್ತದೆ. ಎಲ್ಲ ಕಾಲೇಜುಗಳ ಗೋಡೆಯ ಮೇಲೂ ಆ ಸಂಖ್ಯೆ ಇರಬೇಕು. ಕರೆ ಮಾಡಿ ಸಮಾಧಾನ ಪಡೆದ ಹುಡುಗ ಮರುದಿನ ಅದೇ ಮುಚ್ಚಿದ ಬಾಗಿಲಿಗೆ ಬರುವಂತಾಗಬಾರದು ಅಷ್ಟೆ.

ದಾರಿ ತೆರೆದರೆ ಆತ್ಮಗೌರವ ಹಿಂಬಾಲಿಸುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದರ ಖರ್ಚುವೆಚ್ಚದ ಚರ್ಚೆ ನಡೆಯಲಿ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಲು ಪ್ರತಿದಿನ ಬೆಳಿಗ್ಗೆ ಅಪ್ಪನ ಮುಂದೆ ಕೈಚಾಚುತ್ತಿದ್ದ ಹುಡುಗಿಗೆ ಆ ಕೈಚಾಚುವುದು ತಪ್ಪಿತಲ್ಲ, ಅದರ ಬೆಲೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಪ್ರತಿ ತಿಂಗಳು ನೆರವಿನ ಹಣ ಕೊಡುವ ವಿದ್ಯಾಸಿರಿಯೂ ಹಾಗೆಯೇ, ಅದು ಹೊತ್ತಿಗೆ ಸರಿಯಾಗಿ ಬಂದರೆ. ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷದ ಮಟ್ಟಿಗೆ ತಿಂಗಳಿಗಿಷ್ಟೆಂದು ಕೊಡುವ ಯುವನಿಧಿಯ 3,000 ರೂಪಾಯಿಯ ಬಗ್ಗೆ ನನಗೆ ಇಷ್ಟು ಉತ್ಸಾಹವಿಲ್ಲ. ಪದವೀಧರನಿಗೆ ಅದು ಆಸರೆ ಹೌದು, ಎರಡು ವರ್ಷ ಕಳೆದ ಮೇಲೆ ಎಲ್ಲಿಗೆ ಎಂಬುದನ್ನು ಅದು ಹೇಳುವುದಿಲ್ಲ.

ಸಣ್ಣ ಕೆಲಸಗಳ ಶಕ್ತಿಯನ್ನೂ ಕಡೆಗಣಿಸಬಾರದು. ಮನೋವಿಜ್ಞಾನಿಗಳಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳು ಸುಮಾರು ಒಂದು ಗಂಟೆ ಮಾಡಿದ್ದಿಷ್ಟೇ: ‘ಇಲ್ಲಿ ನಾನು ಹೊರಗಿನವ’ ಎಂಬ ಆತಂಕ ಬಹುತೇಕ ಎಲ್ಲರಿಗೂ ಬರುತ್ತದೆ, ದಿನ ಕಳೆದಂತೆ ಹೋಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದನ್ನು ಓದಿ, ತಮ್ಮ ಅನುಭವವನ್ನೂ ಬರೆದರು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕೆ ಇಳಿಯಿತು. ಅಲ್ಲಿ ಯಾರೂ ಅವರನ್ನು ಹೊಗಳಲಿಲ್ಲ. ಕಷ್ಟವನ್ನು ತಮ್ಮ ಅಯೋಗ್ಯತೆಯ ಗುರುತಾಗಿ ಓದುವುದನ್ನು ಬಿಡಿಸಿದರು. ಕನ್ನಡ ಮಾಧ್ಯಮದಿಂದ ಬಂದು ಅದೇ ಕಾಲೇಜಿನಲ್ಲಿ ಎಂಎಸ್ಸಿಯವರೆಗೆ ಹೋದ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿ, ಮೊದಲ ಸೆಮಿಸ್ಟರಿನಲ್ಲಿ ಎಷ್ಟು ಸಬ್ಜೆಕ್ಟ್ ಹೋಗಿತ್ತು, ಹೇಗೆ ತೆಗೆದುಕೊಂಡೆ ಎಂಬುದನ್ನು ಹೇಳಿಸಿದರೆ, ಬೆಂಗಳೂರಿನಿಂದ ಬರುವ ಯಾವ ಭಾಷಣಕಾರರಿಗಿಂತಲೂ ಅವಳ ಮಾತು ಮಕ್ಕಳಿಗೆ ತಟ್ಟುತ್ತದೆ.

ದೊಡ್ಡ ಕೆಲಸಗಳೂ ಬಾಕಿ ಇವೆ, ಅವು ವಿದ್ಯಾರ್ಥಿಗಳ ಕೈಯಲ್ಲಿಲ್ಲ. ರಾಜ್ಯದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾ ಬಂದಿದ್ದಾರೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆ ಕೇಳಿ ವಾರಗಟ್ಟಲೆ ಮುಷ್ಕರ ಹೂಡಿದರು. ಮುಂದಿನ ವರ್ಷ ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ತಿಳಿಯದ ಮೇಷ್ಟ್ರು ಮಕ್ಕಳಿಗೆ ಮುಂದಿನ ದಾರಿ ತೋರಿಸಬೇಕಾಗಿದೆ. ಪದವಿಯ ರಚನೆಯೂ ನಿಂತ ನೆಲದಲ್ಲಿಲ್ಲ. 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆಗೆ ಹೋದೆವು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಎರಡರಲ್ಲಿ ಯಾವುದು ಸರಿ ಎಂಬ ಚರ್ಚೆ ಬೇರೆ. ಹದಿನೆಂಟರ ಹುಡುಗಿಗೆ ತನ್ನ ಪದವಿ ಯಾವಾಗ ಮುಗಿಯುತ್ತದೆ ಎಂದು ಸೇರುವ ದಿನವೇ ಗೊತ್ತಿರಬೇಕು. ಫಲಿತಾಂಶ ಹೇಳಿದ ದಿನ ಬರಬೇಕು. ಮಾರ್ಕ್ಸ್ ಕಾರ್ಡು ಸ್ನಾತಕೋತ್ತರ ಪ್ರವೇಶದ ಕೊನೆಯ ದಿನಕ್ಕೆ ಮೊದಲು ಕೈಸೇರಬೇಕು. ನೇಮಕಾತಿಯ ವೇಳಾಪಟ್ಟಿ ವರ್ಷದ ಆರಂಭದಲ್ಲಿ ಪ್ರಕಟವಾಗಿ, ಪ್ರಕಟವಾದಂತೆ ನಡೆಯಬೇಕು. ಇವು ಆಡಳಿತದ ವಿವರಗಳೆಂದು ಕಾಣುತ್ತವೆ. ಸ್ನೈಡರ್ ಅವರ ಅಳತೆಗೋಲಿನಲ್ಲಿ ದಾರಿಗೆ ಮೀಸಲಾದ ಆ ನಾಲ್ಕು ಹೇಳಿಕೆಗಳಿಗೆ ಒಬ್ಬ ವಿದ್ಯಾರ್ಥಿ ಏನು ಉತ್ತರ ಕೊಡುತ್ತಾನೆ ಎಂಬುದರಲ್ಲಿ ಈ ವಿವರಗಳ ಪಾಲು ದೊಡ್ಡದಿದೆ.

ಈ ಪಟ್ಟಿಗೆ ಸೇರಬೇಕಾದ, ಮೇಷ್ಟ್ರುಗಳು ಸರ್ಕಾರಕ್ಕಾಗಿ ಕಾಯಬೇಕಿಲ್ಲದ ಒಂದು ಕೆಲಸವೂ ಇದೆ. ಇಂಟರ್ನಲ್ಸ್ ಉತ್ತರಪತ್ರಿಕೆಗಳನ್ನು ತಿದ್ದಿ, ಅಂಕದ ಪಕ್ಕದಲ್ಲಿ ಎಲ್ಲಿ ತಪ್ಪಿತು, ಅದನ್ನು ಸರಿಪಡಿಸಲು ಯಾವ ಪುಟ ಓದಬೇಕು ಎಂದು ಎರಡು ಸಾಲು ಬರೆದು, ವಾರದೊಳಗೆ ವಿದ್ಯಾರ್ಥಿಯ ಕೈಗೆ ಕೊಡುವುದು. ಅಂಕ ಮಾತ್ರ ಕಂಡವನಿಗೆ ತನ್ನ ಬೆಲೆ ಎಷ್ಟೆಂಬುದಷ್ಟೇ ತಿಳಿಯುತ್ತದೆ, ಆ ಎರಡು ಸಾಲು ಓದಿದವನಿಗೆ ಮುಂದೇನು ಮಾಡಬೇಕೆಂಬುದೂ ತಿಳಿಯುತ್ತದೆ. ಎಂಬತ್ತು ಮಕ್ಕಳ ತರಗತಿಯಲ್ಲಿ ಇದು ದುಡಿಮೆಯ ಕೆಲಸ, ಒಪ್ಪುತ್ತೇನೆ. ಇದಕ್ಕೆ ಸುತ್ತೋಲೆ ಬೇಡ, ಅನುದಾನ ಬೇಡ. ಈ ಸೆಮಿಸ್ಟರಿನ ಮೊದಲ ಕಿರುಪರೀಕ್ಷೆಯಿಂದಲೇ ಶುರು ಮಾಡಬಹುದು.